ಎಡಗೆನ್ನೆಗೆ ಕೊಟ್ಟ ಬೆಳಕು ಬಲಗೆನ್ನೆಗೆ ಏಕಿಲ್ಲ?

ಆಸ್ಪತ್ರೆಯ ಮಾನ್ಯ ನಿರ್ದೇಶಕರೇ,

ನನ್ನ ಮುಖದ ಎಡಭಾಗಕ್ಕೆ ಬಂದಿದ್ದು ಕಾಯಿಲೆ, ಬಲಭಾಗಕ್ಕೆ ಬಂದಿರುವುದು ಚೆಂದ ಕಾಣುವ ಚಪಲ ಎಂದು ತಮ್ಮ ಕಚೇರಿ ಹೋದ ತಿಂಗಳು ನನಗೆ ಕಾಗದ ಬರೆದು ತಿಳಿಸಿದೆ. ಇಷ್ಟು ಒರಟಾಗಿ ಅಲ್ಲ ಬಿಡಿ, ತಮ್ಮ ಕಚೇರಿಯವರು ಓದಿಕೊಂಡವರು. "ಸದರಿ ಅರ್ಜಿದಾರರು ಕೋರಿರುವ ಬಲ ಮುಖಭಾಗದ ಬೆಳಕಿನ ಚಿಕಿತ್ಸೆಯು ಸೌಂದರ್ಯ ಸಂಬಂಧಿಯಾಗಿದ್ದು, ವೈದ್ಯಕೀಯ ಅಗತ್ಯದ ವ್ಯಾಪ್ತಿಗೆ ಬರುವುದಿಲ್ಲ" ಎಂದಿದ್ದಾರೆ. ಕೆಳಗೆ ಮೊಹರಿದೆ, ತಮ್ಮ ಪರವಾಗಿ ಯಾರದೋ ಸಹಿಯಿದೆ. ಓದಿದ ಮೇಲೆ ಕನ್ನಡಿ ಮುಂದೆ ಹೋಗಿ ನಿಂತೆ. ಇರುವುದು ಒಂದೇ ಮೂಗು. ಅದರ ಆ ಕಡೆಗೂ ಈ ಕಡೆಗೂ ಒಂದೇ ಮಾತ್ರೆ ಸುಟ್ಟ ಒಂದೇ ಚರ್ಮ. ಕಾಯಿಲೆ ಎಲ್ಲಿಗೆ ಮುಗಿಯಿತು, ಸೌಂದರ್ಯ ಎಲ್ಲಿಂದ ಶುರುವಾಯಿತು? ಮೂಗಿನ ತುದಿ ಯಾವ ವಿಭಾಗಕ್ಕೆ ಸೇರಿದ್ದು? ಇದನ್ನು ಕೇಳಲು ಮೂರು ಸಲ ತಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕಾದು ಕೂತೆ. ಮೂರು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ಆದ್ದರಿಂದ ಈಗ ಎಲ್ಲರ ಎದುರಿಗೇ ಕೇಳುತ್ತಿದ್ದೇನೆ.

ನಾನು ನಗರ ಸಾರಿಗೆಯ ಬಸ್ ಕಂಡಕ್ಟರ್. ಹನ್ನೊಂದು ವರ್ಷದ ಸರ್ವಿಸು. ಡಿಪೋದಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. 'ಸಿಳ್ಳೆ' ಎಂದರೆ ನಾನೇ. ನಾನು ಸಿಳ್ಳೆ ಊದಿದರೆ ಪಕ್ಕದ ಬಸ್ಸೂ ಹೊರಟುಬಿಡುತ್ತದೆ ಎಂದು ನಮ್ಮ ಡ್ರೈವರಣ್ಣ ರೇಗಿಸುತ್ತಿದ್ದ. ಕೆಲಸ ನನಗೆ ಇಷ್ಟವೇ ಆಗಿತ್ತು. ಕಷ್ಟವೆಂದರೆ ಒಂದೇ: ನಮ್ಮ ಮಾರ್ಗದ ಎರಡೂ ಕೊನೆಯ ನಿಲ್ದಾಣಗಳಲ್ಲಿ ಗಂಡಸರಿಗೆ ಗೋಡೆಯಿದೆ, ಹೆಂಗಸರಿಗೆ ಏನೂ ಇಲ್ಲ. ಡ್ಯೂಟಿಗೆ ಹೊರಟ ಮೇಲೆ ನಾವು ನೀರು ಮುಟ್ಟುವುದಿಲ್ಲ. ಹಾಗೆ ಬಿಗಿಹಿಡಿದುಕೊಂಡು ದುಡಿದು ವರ್ಷಕ್ಕೆರಡು ಸಲ ಉರಿಮೂತ್ರ ಬರಿಸಿಕೊಳ್ಳುವುದು, ಡಿಪೋದ ಕ್ಲಿನಿಕ್ಕಿಗೆ ಹೋಗಿ ಮಾತ್ರೆ ತರುವುದು, ಇದೆಲ್ಲ ನಮ್ಮ ನೌಕರಿಯ ಜೊತೆಗೇ ಬಂದದ್ದು. ಮೂರು ವರ್ಷದ ಹಿಂದೆ ಹಾಗೆ ತಂದ ಒಂದು ಮಾತ್ರೆ ನನ್ನ ಮೈಗೆ ಆಗಲಿಲ್ಲ.

ಆಗಲಿಲ್ಲ ಎಂಬುದು ಬಹಳ ಸಣ್ಣ ಮಾತು. ಒಂಬತ್ತನೇ ದಿನ ಕಣ್ಣು ಕೆಂಪಾಗಿ ಜ್ವರ ಬಂತು. ಮಾರನೇ ದಿನ ಬಾಯೊಳಗೆಲ್ಲ ಹುಣ್ಣು, ಎದೆಯ ಮೇಲೆ ಕೆಂಪು ಚುಕ್ಕೆ. ಅದರ ಮರುದಿನ ನನ್ನ ಗಂಡ ನನ್ನನ್ನು ಎತ್ತಿ ಕೂರಿಸಲು ಹೋದಾಗ ತೋಳಿನ ಚರ್ಮ ಅವನ ಅಂಗೈಗೆ ಅಂಟಿಕೊಂಡು ಬಂತು. ಅವನು ವೆಲ್ಡಿಂಗ್ ಕೆಲಸದವನು. ಸುಟ್ಟ ಗಾಯ ಅವನಿಗೆ ಹೊಸದಲ್ಲ. ತಮ್ಮ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನ ಬಾಗಿಲಲ್ಲಿ ನಿಂತು, "ದಿನಾ ಬೆಂಕಿ ಜೊತೆ ಆಡೋನು ನಾನು. ನಂಗೇನೂ ಆಗ್ಲಿಲ್ಲ. ಇವಳು ಬೆಂಕಿನೇ ಇಲ್ದೆ ಸುಟ್ಟುಹೋದ್ಲಲ್ಲ ಡಾಕ್ಟ್ರೇ" ಎಂದು ಅತ್ತನಂತೆ. ಅವನು ಅತ್ತದ್ದನ್ನು ನಾನು ನೋಡಲಿಲ್ಲ. ಆಗ ನನ್ನ ರೆಪ್ಪೆಗಳು ಅಂಟಿಕೊಂಡಿದ್ದವು.

ಮಾತ್ರೆ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಲಕ್ಷಾಂತರ ಜನ ನುಂಗುವ ಮಾತ್ರೆ ಎಲ್ಲೋ ಒಬ್ಬರ ಮೈಯಲ್ಲಿ ಹೀಗೆ ಮಾಡುತ್ತದಂತೆ. ಆ ಒಬ್ಬಳು ನಾನಾದೆ, ಯಾರನ್ನು ಬೈಯಲಿ? ಆಗ ತಮ್ಮ ಆಸ್ಪತ್ರೆ ನನ್ನನ್ನು ಉಳಿಸಿತು. ಇದನ್ನು ಬರೆಯದಿದ್ದರೆ ನನ್ನ ಕೈ ಬಿದ್ದುಹೋಗಲಿ. ಇಪ್ಪತ್ತಾರು ದಿನ ಆ ವಾರ್ಡಿನಲ್ಲಿ ಮಲಗಿದ್ದೆ. ಅಲ್ಲೊಬ್ಬರು ಚಿಕ್ಕ ಡಾಕ್ಟರಮ್ಮ ಇದ್ದರು, ಇನ್ನೂ ಮೂವತ್ತು ದಾಟಿರಲಿಲ್ಲ. ಎರಡು ತಾಸಿಗೊಮ್ಮೆ ಬಂದು ಕಣ್ಣಿಗೆ ಹನಿ ಹಾಕಿ, ರೆಪ್ಪೆ ಅಂಟಿಕೊಳ್ಳದಂತೆ ತಾವೇ ಬಿಡಿಸುತ್ತಿದ್ದರು. ಹನ್ನೆರಡನೇ ದಿನವೋ ಏನೋ ಮೊದಲ ಸಲ ಮಂಜುಮಂಜಾಗಿ ಅವರ ಮುಖ ಕಂಡಿತು. ಎರಡು ಬೆರಳು ಎತ್ತಿ ಹಿಡಿದು, "ಇದು ಎಷ್ಟು ಹೇಳಿ ಅಕ್ಕ" ಎಂದರು. "ಎರಡು ಟಿಕೆಟ್ಟಾ? ಎಲ್ಲಿಗೆ?" ಎಂದೆ. ಅವರು ನಕ್ಕ ನಗು ವಾರ್ಡಿಗೆಲ್ಲ ಕೇಳಿಸಿತು. ನಾನೂ ನಗಲು ಹೋಗಿ ತುಟಿ ಒಡೆದು ರಕ್ತ ಬಂತು. ಆ ದಿನದಿಂದ ಅವರು ಏನು ಹೇಳಿದರೂ ನನಗೆ ಅದು ಕಲ್ಲಿನ ಮೇಲೆ ಕೊರೆದ ಮಾತು.

ಚರ್ಮ ಮತ್ತೆ ಬಂತು, ಆದರೆ ನನ್ನ ಬಣ್ಣ ಬರಲಿಲ್ಲ. ಹಣೆ, ಎರಡೂ ಕೆನ್ನೆ, ಗದ್ದ, ಎಲ್ಲ ಕಡೆ ಕಪ್ಪು ಮಚ್ಚೆಗಳು. ಡಿಪೋದ ನೆಲದ ಮೇಲೆ ಇಂಜಿನ್ ಆಯಿಲ್ ಚೆಲ್ಲಿ ಯಾರೋ ಕಾಲಲ್ಲಿ ಒರೆಸಿದ ಹಾಗೆ. ನಡುನಡುವೆ ಬಿಳಿ ಚುಕ್ಕೆ. ಐದು ತಿಂಗಳಾದ ಮೇಲೆ ಡ್ಯೂಟಿಗೆ ಹೋದೆ. ಪ್ರಯಾಣಿಕರು ಟಿಕೆಟ್ಟನ್ನು ತುದಿ ಹಿಡಿದು ತೆಗೆದುಕೊಳ್ಳತೊಡಗಿದರು. ಚಿಲ್ಲರೆ ಕೊಡಲು ಹೋದರೆ "ಇರಲಿ ಬಿಡಿ" ಎನ್ನುವಷ್ಟು ಉದಾರಿಗಳಾದರು. ನಿಂತು ಹೋಗುವಷ್ಟು ಜನರಿದ್ದರೂ ನನ್ನ ಪಕ್ಕದ ಸೀಟು ಮಾತ್ರ ಖಾಲಿ. ಒಂದು ದಿನ ಕೋಟು ಹಾಕಿದ ಹಿರಿಯರೊಬ್ಬರು ಇಡೀ ಬಸ್ಸಿಗೆ ಕೇಳುವ ಹಾಗೆ, "ಏನಮ್ಮಾ, ಇದು ಅಂಟುತ್ತಾ?" ಎಂದರು. "ಇಲ್ಲ ಸಾರ್. ಅಂಟೋ ಹಾಗಿದ್ದಿದ್ರೆ ಮೊದಲು ನಮ್ ಮೇಲಧಿಕಾರಿಗಳಿಗೆ ಅಂಟಿಸಿ ಬರ್ತಿದ್ದೆ" ಎಂದೆ. ಬಸ್ಸು ನಕ್ಕಿತು, ಡ್ರೈವರಣ್ಣನೂ ನಕ್ಕ. ಆ ವಾರವೇ ನನ್ನ ಮೇಲೆ ದೂರು ಹೋಯಿತು. ನಾನು ಆಡಿದ ಮಾತಿನ ಮೇಲಲ್ಲ, ನನ್ನ ಮುಖದ ಮೇಲೆ. "ಪ್ರಯಾಣಿಕರಿಗೆ ಇರುಸುಮುರುಸಾಗುತ್ತಿದೆ" ಎಂದು ಬರೆದಿದ್ದರಂತೆ. ಡಿಪೋ ಮ್ಯಾನೇಜರು ಕೆಟ್ಟವರಲ್ಲ. ತಲೆ ತಗ್ಗಿಸಿಕೊಂಡೇ, "ಮುಖ ಸ್ವಲ್ಪ ಸರಿಯಾಗೋವರೆಗೆ ಒಳಗಡೆ ಕೆಲಸ ಮಾಡಮ್ಮ" ಎಂದು ಹೇಳಿ, ಪ್ರಯಾಣಿಕರು ಬಸ್ಸಿನಲ್ಲಿ ಬಿಟ್ಟುಹೋದ ವಸ್ತುಗಳ ಕೋಣೆಗೆ ಹಾಕಿದರು. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿಗಳ ಮಧ್ಯೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಇವತ್ತಿಗೂ ಅಲ್ಲೇ ಇದ್ದೇನೆ. ತಾವು ಸೌಂದರ್ಯ ಎಂದು ಬರೆದ ಪದಕ್ಕೆ ನನ್ನ ನಿಘಂಟಿನಲ್ಲಿರುವ ಅರ್ಥ ಇದು: ನನ್ನ ಕೆಲಸ.

ವರ್ಷ ಕಳೆದ ಮೇಲೆ ಚಿಕ್ಕ ಡಾಕ್ಟರಮ್ಮ ಫೋನ್ ಮಾಡಿದರು. ಆಸ್ಪತ್ರೆಗೆ ಹೊಸ ಬೆಳಕಿನ ಯಂತ್ರ ಬಂದಿದೆ, ಔಷಧ ಆಗದೆ ಮೈ ಸುಟ್ಟು ಕಲೆ ಉಳಿದವರ ಮೇಲೆ ಒಂದು ಅಧ್ಯಯನ ನಡೆಸುತ್ತಿದ್ದಾರೆ, ಹದಿನಾಲ್ಕು ಜನ ಬೇಕು ಎಂದರು. ನಾನೂ ನನ್ನ ಗಂಡನೂ ಹೋದೆವು. ಮುಖದ ಒಂದು ಬದಿಗೆ ಮಾತ್ರ ಬೆಳಕು ಕೊಡುತ್ತಾರೆ, ಇನ್ನೊಂದು ಬದಿಯನ್ನು ಹಾಗೇ ಬಿಡುತ್ತಾರೆ ಎಂದು ಅವರು ವಿವರಿಸಿದರು. ಕಲೆ ತಾನಾಗೇ ಮಾಸಿತೋ ಬೆಳಕಿನಿಂದ ಹೋಯಿತೋ ಗೊತ್ತಾಗಬೇಕಲ್ಲ, ಅದಕ್ಕೆ. ನನಗೆ ಅದು ನ್ಯಾಯ ಎನಿಸಿತು. ಗಂಡ ಮಾತ್ರ ಬಿಡಲಿಲ್ಲ.

"ಅಲ್ಲ ಡಾಕ್ಟ್ರೇ, ಆಮೇಲೆ ಈ ಕಡೆ ಕಥೆ ಏನು?"

"ಅದಕ್ಕೂ ಮಾಡ್ತೀವಿ. ಇಲ್ಲಿ ಬರೆದೇ ಇದೆ ನೋಡಿ" ಎಂದು ಡಾಕ್ಟರಮ್ಮ ಒಪ್ಪಿಗೆ ಪತ್ರದ ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದರು: "ಅಧ್ಯಯನದ ಬಳಿಕ, ಚಿಕಿತ್ಸೆ ಪಡೆಯದ ಭಾಗಕ್ಕೂ ಇದೇ ಚಿಕಿತ್ಸೆಯನ್ನು ಉಚಿತವಾಗಿ ನೀಡಲಾಗುವುದು."

"ಹಾಗಾದ್ರೆ ಸರಿ" ಎಂದ ನನ್ನ ಗಂಡ. ನಾನು ಸಹಿ ಹಾಕಿದೆ. ಯಾವ ಬದಿ ಎಂಬುದನ್ನು ಲಕೋಟೆ ಎತ್ತಿಸಿ ತೀರ್ಮಾನಿಸಿದರು. ನನಗೆ ಬಂದದ್ದು ಎಡ.

ಒಂದು ಮಾತ್ರೆಯಿಂದ ಮೈ ಸುಟ್ಟುಕೊಂಡವಳು ಆ ಯಂತ್ರದ ಕೆಳಗೆ ಹೇಗೆ ಮಲಗಿದಳೆಂದು ತಾವು ಯಾವತ್ತಾದರೂ ಯೋಚಿಸಿದ್ದೀರಾ? ಮೊದಲು ಕಿವಿಯ ಹಿಂದೆ ಒಂದು ಚುಕ್ಕೆಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಿದರು. ಎರಡು ವಾರ ದಿನಕ್ಕೆ ಹತ್ತು ಸಲ ಅಲ್ಲಿ ಬೆರಳಿಟ್ಟು ನೋಡಿಕೊಂಡಿದ್ದೇನೆ, ಚರ್ಮ ಏಳುತ್ತದೆಯೇನೋ ಎಂದು. ಏಳಲಿಲ್ಲ. ಆಮೇಲೆ ತಿಂಗಳಿಗೊಂದು ಸರದಿ, ಒಟ್ಟು ಎಂಟು. ನೆಲಮಹಡಿಯ ಸಣ್ಣ ಕೋಣೆ, ತಣ್ಣನೆಯ ಮಂಚ, ಕಣ್ಣಿಗೆ ಕಪ್ಪು ಕನ್ನಡಕ. ಆ ಕನ್ನಡಕವನ್ನು ಮೊದಲ ದಿನ ನನ್ನ ಗಂಡ ಕೈಗೆ ತೆಗೆದುಕೊಂಡು, ದೀಪಕ್ಕೆ ಹಿಡಿದು, ಅಂಚು ತಡವಿ ನೋಡಿ, "ಪರವಾಗಿಲ್ಲ, ಒಳ್ಳೇದೇ ಕೊಟ್ಟಿದ್ದಾರೆ" ಎಂದು ಸರ್ಟಿಫಿಕೇಟ್ ಕೊಟ್ಟ. ಬೆಳಕು ಬಿದ್ದಾಗಲೆಲ್ಲ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಎನ್ನುತ್ತಿತ್ತು. ಟಕ್ ಟಕ್ ಸದ್ದು, ಸಣ್ಣಗೆ ಕೂದಲು ಸುಟ್ಟ ವಾಸನೆ. ಆ ವಾಸನೆಗೆ ಮೊದಲ ಸಲ ನಾನು ನಡುಗಿಬಿಟ್ಟೆ. ಡಾಕ್ಟರಮ್ಮ ಯಂತ್ರ ನಿಲ್ಲಿಸಿ ನನ್ನ ಕೈ ಹಿಡಿದುಕೊಂಡು, "ಬೇಡ ಅಂದ್ರೆ ಬೇಡ ಅಕ್ಕ, ಎದ್ದುಬಿಡಿ" ಎಂದರು. ನಾನು ಏಳಲಿಲ್ಲ.

ಮೂರು ಸರದಿ ಮುಗಿದರೂ ಏನೂ ಕಾಣಲಿಲ್ಲ. ನಾಲ್ಕನೆಯದು ಮುಗಿದ ಹದಿನೈದು ದಿನಕ್ಕೆ, ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಗಂಡ, "ಏ, ಒಂದ್ನಿಮಿಷ ಈ ಕಡೆ ತಿರುಗು" ಎಂದ. ತಿರುಗಿದೆ. "ಈಗ ಆ ಕಡೆ." ತಿರುಗಿದೆ. ಹಾಗೇ ನಾಲ್ಕು ಸಲ ತಿರುಗಿಸಿದ. ಆಮೇಲೆ ಕೆಲಸದ ಚೀಲ ಎತ್ತಿಕೊಂಡು ಹೊರಟುಬಿಟ್ಟ. ಮೆಟ್ಟಿಲ ಹತ್ತಿರ ಮೂಗು ಸೀಟಿದ್ದು ಕೇಳಿಸಿತು. ಎಂಟನೆಯದರ ಹೊತ್ತಿಗೆ ಎಡಗೆನ್ನೆಯ ಕಪ್ಪು ಮುಕ್ಕಾಲು ಪಾಲು ಹೋಗಿತ್ತು. ಬಿಳಿ ಚುಕ್ಕೆಗಳು ಉಳಿದವು. ಅವು ಅಷ್ಟು ಸುಲಭಕ್ಕೆ ಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದರು, ಅದಕ್ಕೆ ತಕರಾರಿಲ್ಲ. ಎಡಗಡೆಯಿಂದ ನೋಡಿದರೆ ನಾನು ನಾನೇ ಆಗಿದ್ದೆ.

ಈಗ ತಮ್ಮ ಸಭಾಂಗಣದ ವಿಷಯಕ್ಕೆ ಬರುತ್ತೇನೆ. ಅಧ್ಯಯನದ ಫಲಿತಾಂಶ ಹೇಳುವ ದಿನ ದೂರದ ಊರುಗಳಿಂದ ವೈದ್ಯರು ಬಂದಿದ್ದರು. ನನ್ನನ್ನು ವೇದಿಕೆಗೆ ಕರೆದರು. ತಾವೇ ಮೈಕು ಹಿಡಿದು, "ಎಡಗೆನ್ನೆ ತೋರಿಸಮ್ಮ" ಎಂದಿರಿ. ಚಪ್ಪಾಳೆ ಬಿತ್ತು. "ಈಗ ಬಲಗೆನ್ನೆ" ಎಂದಿರಿ. ಮುಂದಿನ ಸಾಲಿನಿಂದ ಒಂದು 'ಅಯ್ಯೋ' ಕೇಳಿಸಿತು, ಆಮೇಲೆ ಇನ್ನೂ ಜೋರಾಗಿ ಚಪ್ಪಾಳೆ. ನನ್ನ ಬಲಗೆನ್ನೆ ಎಷ್ಟು ಕೆಟ್ಟದಾಗಿ ಕಂಡರೆ ತಮ್ಮ ಯಂತ್ರ ಅಷ್ಟು ಚೆನ್ನಾಗಿ ಕಾಣುತ್ತದೆ ಎಂಬುದು ನನಗೆ ಅರ್ಥವಾಗಿತ್ತು. ಆದರೂ ಬೇಸರವಾಗಲಿಲ್ಲ. ಏಕೆಂದರೆ ತಾವು ನನ್ನ ಕೈ ಕುಲುಕಿ, ಅಷ್ಟೂ ಜನರ ಮುಂದೆ, "ಈ ತಂಗಿಯ ಇನ್ನೊಂದು ಕೆನ್ನೆ ಇನ್ನು ನಮ್ಮ ಆಸ್ಪತ್ರೆಯ ಜವಾಬ್ದಾರಿ" ಎಂದಿರಿ. ನೆನಪಿದೆಯೇ? ಮನೆಗೆ ಹೋಗಿ ಗಂಡನಿಗೆ ಹೇಳಿದೆ. "ತಂಗಿ ಅಂದ್ರಾ?" ಎಂದು ಎರಡು ಸಲ ಕೇಳಿದ.

ಎರಡು ತಿಂಗಳು ಕರೆ ಬರಲಿಲ್ಲ. ನಾನೇ ಹೋದೆ. ನೆಲಮಹಡಿಯ ಕೋಣೆಗೆ ಬೀಗ. ಯಂತ್ರ ಮೂರನೇ ಮಹಡಿಗೆ ಹೋಗಿದೆ ಎಂದರು. ಹತ್ತಿ ಹೋದರೆ ಗಾಜಿನ ಬಾಗಿಲು, ಮೆತ್ತನೆ ಸೋಫಾ, ಸಣ್ಣಗೆ ಸಂಗೀತ, ಬಾಗಿಲ ಮೇಲೆ 'ತ್ವಚಾ ಸೌಂದರ್ಯ ವಿಭಾಗ'. ಅಲ್ಲಿ ಕೂತಿದ್ದ ಹುಡುಗಿ ನನ್ನ ಬಲಗೆನ್ನೆ ನೋಡಿ, "ಕಲೆಗೆ ಬಂದ್ರಾ ಮೇಡಂ? ಒಳ್ಳೆ ರಿಸಲ್ಟ್ ಇದೆ, ಗೋಡೆ ಮೇಲೆ ನೋಡಿ" ಎಂದಳು. ನೋಡಿದೆ. ಆಳೆತ್ತರದ ಎರಡು ಚಿತ್ರ, ಮೊದಲು ಮತ್ತು ನಂತರ. ಕಣ್ಣಿಗೆ ಕಪ್ಪು ಪಟ್ಟಿ. ಮೂಗಿನ ಪಕ್ಕಕ್ಕೆ ಸರಿಯಾಗಿ ಕತ್ತರಿಸಿದ ಮುಖ. ಎಡಗೆನ್ನೆ ಮಾತ್ರ. ನನ್ನದೇ.

"ಇವರು ಯಾರು?" ಎಂದೆ.

"ನಮ್ಮ ಪೇಷಂಟೇ ಮೇಡಂ. ತುಂಬಾ ಖುಷಿಯಾಗಿದ್ದಾರೆ."

ನಾನು ಮೆಲ್ಲಗೆ ಎಡಗೆನ್ನೆಯನ್ನು ಅವಳ ಕಡೆಗೆ ತಿರುಗಿಸಿದೆ. ಆ ಹುಡುಗಿ ಒಮ್ಮೆ ಗೋಡೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಪಾಪ, ಅವಳದೇನು ತಪ್ಪು? ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಚಿತ್ರವನ್ನು ವೈದ್ಯರ ಕಲಿಕೆಗೆ ಮಾತ್ರ ಬಳಸುತ್ತೇವೆಂದು ಅದೇ ಒಪ್ಪಿಗೆ ಪತ್ರದಲ್ಲಿದೆ, ನಿರ್ದೇಶಕರೇ. ಮೆತ್ತನೆ ಸೋಫಾದ ಮೇಲೆ ಕೂತು ಯಾವ ವೈದ್ಯರು ಕಲಿಯುತ್ತಿದ್ದಾರೆ? ಗೋಡೆ ಮೇಲಿರುವಾಗ ವೈದ್ಯಕೀಯ ಸಾಧನೆಯಾದ ಕಲೆ, ಅರ್ಜಿ ಹಿಡಿದು ಬಂದಾಗ ಸೌಂದರ್ಯದ ಹಂಬಲವಾಗುವುದು ಹೇಗೆ? ನನಗೆ ಎರಡು ಮುಖ ಕೊಟ್ಟದ್ದು ತಮ್ಮ ಯಂತ್ರ. ತಮಗೆ ಎರಡು ಮುಖ ಕೊಟ್ಟವರು ಯಾರು?

ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಚಿಕ್ಕ ಡಾಕ್ಟರಮ್ಮ ಎದುರಾದರು. ಇದನ್ನು ಬರೆಯಲೋ ಬೇಡವೋ ಎಂದು ಮೂರು ದಿನ ಒದ್ದಾಡಿದ್ದೇನೆ. ಅವರು ನನ್ನನ್ನು ಕಂಡು ಇನ್ನೊಂದು ಕಡೆಯಿಂದ ಇಳಿಯಲು ಹೋದರು. ಆ ಮೆಟ್ಟಿಲಿಗೆ ಇನ್ನೊಂದು ಕಡೆ ಇಲ್ಲ.

"ನನ್ನ ಕೈಲಿ ಏನೂ ಇಲ್ಲ ಅಕ್ಕ. ಯಂತ್ರ ಈಗ ನಮ್ಮ ವಿಭಾಗದ್ದಲ್ಲ."

"ಡಾಕ್ಟರಮ್ಮಾ, ಬೆರಳಿಟ್ಟು ಓದಿದ್ದು ನೀವಲ್ವಾ?"

"ಓದಿದ್ದೆ." ಒಂದು ಮೆಟ್ಟಿಲು ಇಳಿದರು. "ಅಧ್ಯಯನದ ಬಳಿಕ ಅಂತ ಇದೆ ಅಕ್ಕ. ಎಷ್ಟು ದಿನದ ಬಳಿಕ ಅಂತ ಬರೆದಿಲ್ಲ."

"ಈ ಮಾತು ನಿಮ್ದಾ, ಯಾರಾದ್ರೂ ಹೇಳ್ಕೊಟ್ಟಿದ್ದಾ?"

ಅವರು ನನ್ನ ಮುಖ ನೋಡಲಿಲ್ಲ. "ನಾನಿನ್ನೂ ಇಲ್ಲಿ ಕಾಯಂ ಆಗಿಲ್ಲ ಅಕ್ಕ" ಎಂದಷ್ಟೇ ಹೇಳಿ ಇಳಿದು ಹೋದರು.

ನನ್ನ ರೆಪ್ಪೆಯನ್ನು ಎರಡು ತಾಸಿಗೊಮ್ಮೆ ಬಿಡಿಸಿದ ಕೈ ಅದು. ಆ ಕೈಯವರ ಬಾಯಲ್ಲಿ ಇಂಥ ಮಾತು ಹಾಕಿಸಿದಿರಲ್ಲ, ಮಾತ್ರೆ ಸುಟ್ಟಾಗ ನನಗೆ ಇಷ್ಟು ಉರಿದಿರಲಿಲ್ಲ. ಆಮೇಲೆ ಅರ್ಜಿ ಹಾಕಿದೆ, ಬಂದದ್ದು ಮೊದಲೇ ಹೇಳಿದ ಆ 'ಸೌಂದರ್ಯ'ದ ಕಾಗದ. ಅದನ್ನು ನನ್ನ ಗಂಡನಿಗೆ ಓದಿ ಹೇಳಿದೆ. "ನಾನು ಒಂದು ಗೇಟನ್ನ ಅರ್ಧ ವೆಲ್ಡ್ ಮಾಡಿ, ಅದರ ಫೋಟೋ ಅಂಗಡಿ ಮುಂದೆ ಹಾಕ್ಕೊಂಡು, ಉಳಿದರ್ಧ ನಿಮ್ಮ ಶೋಕಿ ಅಂದ್ರೆ ಗಿರಾಕಿ ನನ್ನ ಸುಮ್ನೆ ಬಿಡ್ತಾನಾ?" ಎಂದ. ಅವನ ಗಿರಾಕಿಗಳಿಗಿರುವ ಧೈರ್ಯ ತಮ್ಮ ರೋಗಿಗಳಿಗೆ ಇರಬಾರದು ಎಂದು ಎಲ್ಲಿ ಬರೆದಿದೆ?

ಇಷ್ಟೇ ಆಗಿದ್ದರೆ ಅರ್ಜಿಗಳನ್ನು ಬರೆಯುತ್ತಲೇ ಇರುತ್ತಿದ್ದೆನೇನೋ. ಊರೆಲ್ಲ ಓದುವ ಹಾಗೆ ಬರೆಯಬೇಕೆನಿಸಿದ್ದು ಮೂರನೇ ಸಲ ತಮ್ಮ ಬೆಂಚಿನ ಮೇಲೆ ಕೂತ ದಿನ. ಪಕ್ಕದಲ್ಲಿ ಒಬ್ಬ ಹುಡುಗಿ ಬಂದು ಕೂತಳು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು, ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ. ಮೂರ್ಛೆರೋಗಕ್ಕೆ ಕೊಟ್ಟ ಔಷಧ ಆಗದೆ ಕತ್ತಿನವರೆಗೂ ಕಪ್ಪಾಗಿತ್ತು. ಬಡಿಸಲು ಹೊರಗೆ ಬರಬೇಡ, ಒಳಗೇ ಇರು ಎಂದಿದ್ದಾರಂತೆ. ಅವಳ ಕೈಯಲ್ಲಿ ಹೊಸ ಅಧ್ಯಯನದ ಒಪ್ಪಿಗೆ ಪತ್ರ. ಅದೇ ಸಾಲು, ಅದೇ 'ಬಳಿಕ'. ನನ್ನ ಎರಡೂ ಕೆನ್ನೆ ನೋಡಿ ಅವಳಿಗೆ ಎಲ್ಲ ಗೊತ್ತಾಯಿತು.

"ಅಕ್ಕ, ಸೇರಲಾ ಬೇಡ್ವಾ?"

ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ, "ಸೇರು" ಎಂದೆ.

"ನಿಮಗೆ ಮೋಸ ಆಗಿದೆ ಅಂತೀರಾ, ನನಗೆ ಸೇರು ಅಂತೀರಾ?"

"ಬೆಳಕು ಮೋಸ ಮಾಡಿಲ್ಲ ಕಣಮ್ಮ. ಈ ಕೆನ್ನೆ ನೋಡು. ಆದ್ರೆ ಆ ಕಡೆ ಕೆನ್ನೆಗೆ ಯಾವತ್ತು ಅಂತ ಒಂದು ದಿನಾಂಕ ಬರೆಸ್ಕೊಂಡು ಆಮೇಲೆ ಸಹಿ ಹಾಕು."

ಅವಳು ಒಳಗೆ ಹೋದಳು. ಹತ್ತು ನಿಮಿಷಕ್ಕೆ ವಾಪಸು ಬಂದಳು. ಪತ್ರದಲ್ಲಿ ಏನನ್ನೂ ಸೇರಿಸುವಂತಿಲ್ಲ, ಇಷ್ಟವಿದ್ದರೆ ಹಾಕು, ಇಲ್ಲದಿದ್ದರೆ ಬೇರೆಯವರು ಕಾಯುತ್ತಿದ್ದಾರೆ ಎಂದರಂತೆ. ಅವಳು ಆ ಕಾಗದವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡು, ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡು, "ನಿಮ್ಮ ಹಾಗೆ ಅರ್ಧ ಆಗೋದಕ್ಕಿಂತ ಹೀಗೇ ಇರ್ತೀನಿ ಅಕ್ಕ, ಜನಕ್ಕೆ ಅಭ್ಯಾಸ ಆಗಿದೆ" ಎಂದು ಹೊರಟುಹೋದಳು. ನಾನು ಹಿಂದೆಯೇ ಹೋಗಿ ಗೇಟಿನವರೆಗೂ ಹೇಳಿದೆ. ಕೇಳಲಿಲ್ಲ. ನನ್ನ ಅರ್ಧ ಮುಖ ವಾಸಿಯಾದದ್ದನ್ನು ಕಣ್ಣಾರೆ ನೋಡಿದ ಮೇಲೂ ಒಬ್ಬಳು ರೋಗಿ ತಮ್ಮ ಆಸ್ಪತ್ರೆಯಿಂದ ಹೆದರಿ ಹೋದಳು, ನಿರ್ದೇಶಕರೇ. ತಮ್ಮ ವರದಿಯಲ್ಲಿ ಇದಕ್ಕೊಂದು ಕಲಂ ಇದೆಯೇ? ಕೆಲಸ ಮಾಡುವ ಚಿಕಿತ್ಸೆಯನ್ನು ಕೈಯಲ್ಲಿಟ್ಟುಕೊಂಡು, ಅದರ ಮೇಲಿನ ನಂಬಿಕೆಯನ್ನು ತಾವೇ ಕೊಂದಿರಿ. ನನಗೆ ಕೊಟ್ಟ ಮಾತು ತಪ್ಪಿದ್ದಕ್ಕಿಂತ ಇದು ದೊಡ್ಡ ತಪ್ಪು.

ಹಾಗಾಗಿ ನಾನು ಕೇಳುವುದು ಇಷ್ಟು. ಮೂರನೇ ಮಹಡಿಯ ಗೋಡೆಯಿಂದ ನನ್ನ ಕೆನ್ನೆಯನ್ನು ಈ ವಾರದೊಳಗೆ ಇಳಿಸಿ. ಚಿತ್ರ ಬಳಸಲು ಕೊಟ್ಟಿದ್ದ ಒಪ್ಪಿಗೆಯನ್ನು ನಾನು ಹಿಂದಕ್ಕೆ ಪಡೆದಿದ್ದೇನೆ. ಅರ್ಧ ಮುಖ ಕೊಟ್ಟ ಹದಿನಾಲ್ಕು ಜನರಿಗೂ ಉಳಿದರ್ಧದ ಚಿಕಿತ್ಸೆ ಯಾವ ದಿನ ಶುರು ಎಂದು ತಮ್ಮ ಸ್ವಂತ ಸಹಿಯಲ್ಲಿ ಬರೆದು ಕಳಿಸಿ. ಚಿಕ್ಕ ಡಾಕ್ಟರಮ್ಮನ ಮೇಲೆ ಈ ಪತ್ರದ ಸಿಟ್ಟು ತೀರಿಸಿಕೊಳ್ಳಬೇಡಿ. ಅವರು ಓದಿದ್ದು ತಾವು ಬರೆಸಿದ ಸಾಲನ್ನೇ. ಎಲ್ಲಕ್ಕಿಂತ ಮೊದಲು ಆ ಹಾಸ್ಟೆಲಿನ ಹುಡುಗಿಗೆ ಫೋನ್ ಮಾಡಿ. ಅವಳ ನಂಬರು ತಮ್ಮ ಕಚೇರಿಯ ಪುಸ್ತಕದಲ್ಲಿದೆ. ಕರೆಸಿ, ಎದುರಿಗೆ ಕೂರಿಸಿಕೊಂಡು, ಅವಳು ಕೇಳಿದ ದಿನಾಂಕವನ್ನು ತಮ್ಮ ಕೈಯಾರೆ ತುಂಬಿಕೊಡಿ. ನನ್ನ ಸರದಿ ಅವಳ ನಂತರ ಬಂದರೂ ಒಪ್ಪಿಗೆ. ಆದರೆ ಆ 'ನಂತರ' ಎಂದರೆ ಯಾವತ್ತು ಎಂದು ಮಾತ್ರ ಹೇಳಿ.

ಇಂತಿ,
ಹೋದ ತಿಂಗಳವರೆಗೂ ತಮ್ಮ ವಿಶ್ವಾಸಿಯಾಗಿದ್ದ
ಒಬ್ಬ ಬಸ್ ಕಂಡಕ್ಟರ್
(ಸದ್ಯಕ್ಕೆ ಬಸ್ಸಿಲ್ಲ)